ಅಣ್ಣಾರಾಯಪ್ಪನ ಸಂಜೆಯ ನೇಮ

ಮಟಕಿ
೧೪ ಜನವರಿ ೨೦೨೪

ವೈನಿಯವರಿಗೆ ಶಿವಕಾಂತಾಳ ಶರಣು.

ಫೋನು ಮಾಡಬಹುದಿತ್ತು. ಆದರೆ ನನ್ನ ಕಿವಿಯ ಕಥೆ ನಿಮಗೆ ಗೊತ್ತೇ ಇದೆ. ನೀವು ಅಫಜಲಪುರದಿಂದ ಕೂಗಬೇಕು, ನಾನು ಮಟಕಿಯಿಂದ ಕೂಗಬೇಕು, ನಡುವೆ ಇಡೀ ಓಣಿ ನಿಂತು ಕೇಳಬೇಕು. ಕೂಸಿನ ಕಣ್ಣಿನ ವಿಷಯ ಓಣಿಗೆ ಹಂಚುವುದು ಬೇಡವೆಂದು ಬರೆಯುತ್ತಿದ್ದೇನೆ. ನಿಮ್ಮೂರಿನ ಬುರಾನುದ್ದೀನ ಆಳಂದದ ಬಜಾರಕ್ಕೆ ತೊಗರಿ ಹಾಕಲು ಜೀಪು ತರುತ್ತಾನಲ್ಲ, ಅವನ ಕೈಯಲ್ಲಿ ಕಳಿಸುತ್ತೇನೆ.

ಎಳ್ಳ ಅಮಾವಾಸ್ಯೆಗೆ ಮಗಳು ಮನೀಷಾ ಮತ್ತು ಅಳಿಯಂದಿರು ಮೊಮ್ಮಗಳು ಮೈತ್ರೇಯಿಯನ್ನು ಕರೆದುಕೊಂಡು ಜೇವರ್ಗಿಯಿಂದ ಬಂದರು. ಹೊಲಕ್ಕೆ ಹೋದೆವು, ಬೆಳೆಗೆ ನೈವೇದ್ಯದ ಚರಗ ಚೆಲ್ಲಿದೆವು, ಭಜ್ಜಿ, ಸಜ್ಜೆ ರೊಟ್ಟಿ ಉಂಡೆವು. ನಿಮ್ಮ ಮಗ ನಾಲ್ಕು ಕಡುಬು ತಿಂದು ಬನ್ನಿಗಿಡದ ಕೆಳಗೆ ಮಲಗಿಬಿಟ್ಟರು. ಹೊತ್ತು ಇಳಿಯುತ್ತಲೇ ನಾನು ಎಂದಿನಂತೆ ಗಡಬಡ ಮಾಡಿದೆ. ಅಪ್ಪ ಅಣ್ಣಾರಾಯಪ್ಪನ ನೇಮವನ್ನು ನಾನು ಈ ಮನೆಗೆ ಬಂದ ಮೇಲೂ ಬಿಟ್ಟವಳಲ್ಲ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಬಾರದು. "ಲಗೂನ ನಡೀರಿ, ಹೊತ್ತು ಮುಣಗ್ತದ" ಎಂದು ಕೂಗಿದೆ. ಕೂಸು ನನ್ನ ಮಾತಿಗೆ ಎಲ್ಲರಿಗಿಂತ ಮೊದಲು ಓಡಿತು. ರಾಶಿ ಮಾಡಲು ಒಟ್ಟಿದ್ದ ತೊಗರಿ ಬಣವೆಗೆ ನೇರ ಹೋಗಿ ಮುಖ ಕೊಟ್ಟಿತು. ಆಳೆತ್ತರದ ಬಣವೆ, ವೈನಿ! ಕಡ್ಡಿಯೊಂದು ಬಲಗಣ್ಣಿಗೆ ತಾಗಿತು. ಆ ಚೀರಾಟ ನನ್ನ ಈ ಕಿವಿಗೂ ಕೇಳಿಸಿತು.

ಅದೇ ಸಂಜೆ ಕಲಬುರಗಿಗೆ ಕರೆದೊಯ್ದರು. ಆಮೇಲೆ ಮನೀಷಾ "ಆರಾಮ ಅದಾಳ" ಎಂದು ಎರಡೇ ಮಾತು ಕೂಗಿ ಫೋನು ಇಟ್ಟಳು. ನಿಮಗಾದರೂ ಎಲ್ಲ ಹೇಳಿರುತ್ತಾರೆ. ಬರೆಯಿರಿ.

ನಿಮ್ಮ ಶಿವಕಾಂತಾ


ಅಫಜಲಪುರ
೨೩ ಜನವರಿ ೨೦೨೪

ಬೀಗತಿ ಶಿವಕಾಂತಾ ಅವರಿಗೆ ವಿದ್ಯಾವತಿಯ ಶರಣು.

ಪತ್ರ ತಲುಪಿತು. ಚಿಂತೆ ಮಾಡಬೇಡಿ. ಕಡ್ಡಿ ಕರಿಗುಡ್ಡೆಯ ಮೇಲೆ ಗೀರಿದೆ ಅಷ್ಟೇ, ಒಳಗೆ ಇಳಿದಿಲ್ಲ. ಪಟ್ಟಿ ಬಿಚ್ಚಿದ್ದಾರೆ, ಹನಿ ಔಷಧ ನಡೆದಿದೆ. ಗಾಯ ಮಾಯುತ್ತಿದೆ ಎಂದು ಡಾಕ್ಟರಬಾಯಿ ಸಂತೋಷಪಟ್ಟರು. ಹೊಲದ ಕಡ್ಡಿಯ ಗಾಯ ಕೀವಾಗುವುದು ಬಹಳವಂತೆ, ಅದೇ ಸಂಜೆ ಕರೆತಂದದ್ದು ಒಳ್ಳೆಯದಾಯಿತು ಎಂದರು.

ಕಲಬುರಗಿಗೆ ಇನ್ನೂ ಕೆಲವು ಸಲ ಹೋಗಬೇಕಾಗಿದೆ. ಹೀಗಾಗಿ ಸದ್ಯ ಮೈತ್ರೇಯಿಯನ್ನು ಮಟಕಿಗೆ ಕಳಿಸುವುದು ಬೇಡವೆಂದು ಮಗ ಅನೀಲಕುಮಾರ ಹೇಳಿದ್ದಾನೆ. ರಾಶಿಯ ಕಾಲ, ಧೂಳು ಬಹಳ.

ನಿಮ್ಮ ಅಣ್ಣ ಆರಾಮ ಇದ್ದಾರೆ. ಮಂಡಿ ನೋವು ಎಂದಿನಂತೆ, ಎಣ್ಣೆಯ ಮಿರ್ಚಿಯೂ ಎಂದಿನಂತೆ.

ವಿದ್ಯಾವತಿ ಜಗದೇವಪ್ಪ


ಮಟಕಿ
೨ ಫೆಬ್ರುವರಿ ೨೦೨೪

ಅಫಜಲಪುರದ ಬೀಗತಿಯವರಿಗೆ ಶರಣು.

ನಾನು ಫ್ರಾಕು ಹಾಕುವಾಗ ಅಣ್ಣನನ್ನು ಮದುವೆಯಾಗಿ ಬಂದಾಗಿನಿಂದ ನೀವು ನನ್ನ ವೈನಿ. ನನ್ನ ತಲೆ ಬಾಚಿದವರು. "ಶಿವಿ" ಎಂದು ಕರೆದು, ಹೋಮವರ್ಕು ತಪ್ಪಿದರೆ ಕಿವಿ ಹಿಂಡಿದವರು. ಈಗಿನ ಕಿವುಡಿಗೂ ನಿಮ್ಮ ಕೈಗುಣ ಸ್ವಲ್ಪ ಕಾರಣವಿರಬಹುದು. ಮಕ್ಕಳ ಮದುವೆಯಲ್ಲಿ ಸೀರೆ ಬದಲಾಯಿಸಿಕೊಂಡಾಗಲೂ ನೀವು ನನ್ನನ್ನು ಬೀಗತಿ ಎನ್ನಲಿಲ್ಲ. ಈಗ ಒಮ್ಮೆಲೇ "ಅವರಿಗೆ" ಬಂತು, ಅಡಿಗೆ ಅಣ್ಣನ ಹೆಸರು ಹಚ್ಚಿದ ಸಹಿಯೂ ಬಂತು. ತಿಳಿಯಿತು ಬಿಡಿ.

ಧೂಳು ಎಂದು ಬರೆದಿರಿ. ಜೇವರ್ಗಿಯಲ್ಲಿ ಧೂಳಿಲ್ಲವೇ? ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ನಿಂತರೆ ಸೀರೆಯ ಬಣ್ಣ ಗುರುತು ಸಿಗುವುದಿಲ್ಲ. "ನಿಮ್ಮ ಮನೆಯಲ್ಲಿ ಕೂಸಿನ ಕಣ್ಣು ಒಡೆಯಿತು, ಇನ್ನು ಕಳಿಸುವುದಿಲ್ಲ" ಎಂದು ನೆಟ್ಟಗೆ ಬರೆದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಓಡು ಎಂದವಳು ನಾನೇ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶೇಂಗಾ ಹೋಳಿಗೆ ಕಳಿಸಿದ್ದೇನೆ. ಕೂಸಿಗೆ ಮುಟ್ಟಿಸಿ. ಅದರಲ್ಲಿ ಧೂಳಿಲ್ಲ.

ಶಿವಕಾಂತಾ


ಅಫಜಲಪುರ
೧೮ ಫೆಬ್ರುವರಿ ೨೦೨೪

ಶಿವಿ,

ಹುಚ್ಚಿ. ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಸಂಕಟ ಮುಚ್ಚಿಡುವಾಗ ನನಗೆ ಶಾಲೆಯ ಭಾಷೆ ಬರುತ್ತದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ಫಲ. ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ. ಮುಚ್ಚಿಟ್ಟದ್ದು ಬೇರೆ ವಿಷಯ, ಈಗ ಹೇಳುತ್ತೇನೆ. ಕೂತುಕೊಂಡು ಓದು.

ಕಲಬುರಗಿಗೆ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಗಾಯದ ಕಣ್ಣು ಪರೀಕ್ಷಿಸಲು ಡಾಕ್ಟರಬಾಯಿ ಕೋಣೆಯ ದೀಪ ಆರಿಸಿದರು. ಮೈತ್ರಿ ಕುರ್ಚಿಯಿಂದ ಇಳಿದು ತಾಯಿಯ ಕಡೆಗೆ ಹೊರಟವಳು ಗೋಡೆಯ ಕಡೆಗೆ ನಡೆದಳು. ಬಾಗಿಲ ಸಂದಿಯಿಂದ ಅಷ್ಟಿಷ್ಟು ಬೆಳಕು ಬರುತ್ತಿತ್ತು. ನಮಗೆಲ್ಲ ಕಾಣುತ್ತಿತ್ತು. ಅವಳಿಗೆ ಏನೂ ಕಾಣುತ್ತಿರಲಿಲ್ಲ. ಪಟ್ಟಿ ಕಟ್ಟಿದ್ದು ಒಂದೇ ಕಣ್ಣಿಗೆ. ಡಾಕ್ಟರಬಾಯಿ ಮತ್ತೆ ದೀಪ ಹಚ್ಚಿ, ಮತ್ತೆ ಆರಿಸಿ ನೋಡಿದರು. ಆಮೇಲೆ ಹೇಳಿದರು: ಕೂಸಿಗೆ ಹುಟ್ಟಿನಿಂದಲೇ ಕಣ್ಣಿನ ಹಿಂದಿನ ಪರದೆಯಲ್ಲಿ ದೋಷವಿದೆ, ಮಬ್ಬಿನಲ್ಲಿ ಅವಳಿಗೆ ಕಾಣುವುದಿಲ್ಲ. ಬಣವೆಗೆ ಅವಳು ಓಡಿ ಬಿದ್ದದ್ದು ನಿನ್ನ ಗಡಬಡಿಯಿಂದ ಅಲ್ಲ, ಶಿವಿ. ಅವಳಿಗೆ ಬಣವೆ ಕಾಣಲೇ ಇಲ್ಲ. ನಾವೆಲ್ಲ ಸಂಜೆ ಅಳುವ ಕೂಸು, ತಾಯಿಯ ಸೆರಗು ಬಿಡದ ಕೂಸು ಎಂದು ನಗುತ್ತಿದ್ದೆವು.

ಇದರಲ್ಲಿ ಎರಡು ಬಗೆಯಂತೆ. ಮೊದಲನೆಯದು ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ ಹಗಲಿನ ಬೆಳಕನ್ನೂ ನುಂಗುತ್ತದೆ. ಇನ್ನೊಂದು ಹುಟ್ಟಿದಾಗ ಹೇಗಿತ್ತೋ ಹಾಗೇ ಕೊನೆಯತನಕ ಉಳಿಯುತ್ತದೆ. ಇಷ್ಟು ಸಣ್ಣ ಮಕ್ಕಳಲ್ಲಿ ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟ. ರಕ್ತ ಕಳಿಸಬೇಕು, ಯಂತ್ರದಲ್ಲಿ ನೋಡಬೇಕು. ಅದಕ್ಕಿಂತ ಮೊದಲು ಡಾಕ್ಟರಬಾಯಿ ಕೇಳಿದ್ದು, "ನಿಮ್ಮ ಮನೆತನದಾಗ ಯಾರಿಗರ ಹಿಂಗ ಇತ್ತೇನ್ರಿ? ಇದ್ರ ಅವರ ಕಣ್ಣು ಮುಂದ ಏನಾತು?" ಕಳ್ಳುಬಳ್ಳಿಯಲ್ಲೇ, ರಕ್ತಸಂಬಂಧದಲ್ಲೇ ಮದುವೆಯಾದರೆ ಎರಡೂ ಕಡೆಯಿಂದ ಇಂಥದ್ದು ಬಂದು ಕೂಡುತ್ತದಂತೆ. ಮಗಳನ್ನು ಅಣ್ಣನ ಮಗನಿಗೇ ಕೊಡಬೇಕೆಂದು ಹಟ ಹಿಡಿದವರು ನೀನೂ ನಾನೂ ಇಬ್ಬರೇ. ಯಾರೂ ಯಾರನ್ನೂ ಬೈಯುವ ಹಾಗಿಲ್ಲ.

ಅನೀಲಕುಮಾರ "ಯಾರಿಗೂ ಇಲ್ಲರಿ" ಎಂದ. ಮನೀಷಾಳೂ ಅದನ್ನೇ ಹೇಳಿದಳು. ನಾನೂ ತಲೆ ಅಲ್ಲಾಡಿಸಿದೆ. ಮನೆಗೆ ಬಂದ ಮೇಲೆ ನನಗೆ ಮಾವನವರು ನೆನಪಾದರು.

ಸಿಟ್ಟಾಗಬೇಡ. ಈ ಮನೆಯ ಸೊಸೆಯಾಗಿ ಬಂದಾಗಿನಿಂದ ಅವರಿಗೆ ಹೊತ್ತು ಇರುವಾಗಲೇ ತಾಟು ಇಟ್ಟವಳು ನಾನು. ಮಳೆಗಾಲದಲ್ಲಿ ಮೋಡ ಕವಿದರೆ ಅವರ ನೇಮ ಮಧ್ಯಾಹ್ನಕ್ಕೇ ಶುರುವಾಗುತ್ತಿತ್ತು. ಕರೆಂಟು ಬಂದು ಜಗಜಗ ಬೆಳಕು ಹಾಕಿಸಿದ ವರ್ಷ ಮನೆಯೊಳಗಿನ ನೇಮ ತಾನೇ ಸಡಿಲಾಯಿತು, ಅಂಗಳದ ನೇಮ ಮಾತ್ರ ಹಾಗೇ ಉಳಿಯಿತು. ದೇವರ ನೇಮ ಮೋಡ ನೋಡಿ, ಬಲ್ಬು ನೋಡಿ ಬದಲಾಗುತ್ತದೆಯೇ? ಅದು ನೇಮವಲ್ಲ, ಅವರಿಗೆ ಕಾಣುತ್ತಿರಲಿಲ್ಲ ಎಂದು ನನಗೆ ಅನಿಸುತ್ತಿದೆ. ನಿನ್ನ ಅಣ್ಣನನ್ನು ಕೇಳಿದರೆ "ನನಗೇನ್ ಗೊತ್ತ" ಎಂದು ಪೇಪರು ಅಡ್ಡ ಹಿಡಿದರು. ನೀನು ಅಪ್ಪನ ಮುದ್ದಿನ ಮಗಳು. ಅದು ಯಾವಾಗಿನಿಂದ ಇತ್ತು, ಬರುಬರುತ್ತ ಹೆಚ್ಚಾಯಿತೇ, ನೆನಪು ಮಾಡಿ ಬರಿ.

ನಿನ್ನ ವೈನಿ


ಮಟಕಿ
೧ ಮಾರ್ಚ್ ೨೦೨೪

ವೈನಿ,

ಕೂಸಿನ ಸುದ್ದಿಯನ್ನು ಎರಡು ಸಲ ಓದಿದೆ. ಆದರೆ ಅದರ ಜೊತೆ ನಮ್ಮ ಅಪ್ಪನನ್ನು ಸೇರಿಸಬೇಡಿ.

ಅಣ್ಣಾರಾಯಪ್ಪನ ನೇಮಕ್ಕೆ ಸುತ್ತಿನ ಊರುಗಳೇ ಕೈ ಮುಗಿಯುತ್ತಿದ್ದವು. ಬೀಗರ ಮನೆಯ ಪಂಗತಿಯಲ್ಲೂ ಹೊತ್ತು ನೋಡಿ ಎದ್ದು ಬಂದವರು ಅವರು. ಮಠದ ಅಯ್ಯನವರು ಪುರಾಣದಲ್ಲಿ ಅವರ ಉದಾಹರಣೆ ಕೊಟ್ಟಿದ್ದು ನೀವೂ ಕೇಳಿದ್ದೀರಿ. ಲಿಂಗೈಕ್ಯರಾದವರು ಬಂದು ಜವಾಬು ಕೊಡುವುದಿಲ್ಲವೆಂದು, ಅವರದು ಕಳ್ಳ ನೇಮ ಎಂದು ಬರೆಯುತ್ತೀರಾ? ಅವರ ನೇಮವನ್ನು ನಾನು ಇಷ್ಟು ವರ್ಷ ಇಲ್ಲಿ ನಡೆಸಿದ್ದೇನೆ. ನನಗೇನು ಕಣ್ಣು ಕಾಣುವುದಿಲ್ಲವೇ?

ಕೂಸಿಗೆ ಏನು ಬೇಕೋ ಮಾಡಿಸಿ. ನನ್ನ ರಕ್ತ ಬೇಕಾದರೆ ಕೊಡ ತುಂಬ ಕೊಡುತ್ತೇನೆ. ಅಪ್ಪನ ವಿಷಯ ಮತ್ತೆ ಬರೆಯಬೇಡಿ.

ಶಿವಕಾಂತಾ


ಅಫಜಲಪುರ
೨೦ ಏಪ್ರಿಲ್ ೨೦೨೪

ಶಿವಿ,

ನೀನು ಬರೆಯಬೇಡ ಎಂದೆ, ನಾನು ಸುಮ್ಮನಿದ್ದೆ. ಯುಗಾದಿಗೂ ನಿನ್ನ ಸುದ್ದಿ ಬರಲಿಲ್ಲ. ನಾನೂ ಹಟದವಳೇ. ಆದರೆ ಮೊನ್ನೆ ಜೇವರ್ಗಿಗೆ ಹೋಗಿ ಬಂದ ಮೇಲೆ ಹಟ ಉಳಿದಿಲ್ಲ.

ಮೈತ್ರಿ ಚೆನ್ನಾಗಿದ್ದಾಳೆ. ಗಾಯದ ಗುರುತು ಹುಡುಕಿದರೂ ಕಾಣುವುದಿಲ್ಲ. ನನಗೆ ತಿಳಿಯದೆ ನನ್ನ ಕನ್ನಡಕಕ್ಕೆ ಕುಂಕುಮ ಹಚ್ಚಿದ್ದಾಳೆ. ಆದರೆ ನಿನ್ನ ಮಗಳು ಸೊರಗಿದ್ದಾಳೆ. ಮಧ್ಯಾಹ್ನ ಕೂಸಿನ ಕಣ್ಣಿಗೆ ಓಢಣಿ ಕಟ್ಟಿ ಅಡುಗೆಮನೆಯಿಂದ ಬಾಗಿಲತನಕ ನಡೆಸುತ್ತಿದ್ದಳು. "ಇದೇನವಾ?" ಎಂದೆ. ಕೂಸು "ಆಟ ಆಡಾಕತ್ತೀವಿ ಆಯಿ" ಎಂದು ಅಜ್ಜಿಗೆ ಹೇಳಿ ನಕ್ಕಿತು. ಮನೀಷಾ ನನ್ನನ್ನು ಒಳಗೆ ಕರೆದು, "ಮುಂದ ಪೂರಾ ಹೋದ್ರ ರೂಢಿ ಇರ್ಲಿ ಅತ್ತಿ" ಎಂದಳು. ಅನೀಲಕುಮಾರ ಕಾಲೇಜಿನ ಕೆಲಸ ಮುಗಿಸಿ ಬಂದು ಮನೆಯ ಬಲ್ಬುಗಳನ್ನೆಲ್ಲ ತೆಗೆದು ದೊಡ್ಡವು ಹಾಕುತ್ತಾನೆ.

ರಕ್ತ ಹೈದರಾಬಾದಿಗೆ ಹೋಗಿದೆ. ವರದಿ ಬರಲು ತಡ. ಬಂದರೂ ಕೆಲವೊಮ್ಮೆ ಅದೊಂದೇ ಪೂರ್ತಿ ಹೇಳುವುದಿಲ್ಲ, ಮನೆಯ ಹಿರಿಯರ ಸಂಗತಿ ಗೊತ್ತಾದರೆ ಬಲ ಬರುತ್ತದೆ ಎಂದು ಡಾಕ್ಟರಬಾಯಿ ಮತ್ತೆ ಹೇಳಿದರು.

ಮಾವನವರನ್ನು ಸಣ್ಣವರು ಮಾಡಲು ನಾನು ಬರೆಯಲಿಲ್ಲ. ಕೊನೆಯತನಕ ಅವರಿಗೆ ಬಿಸಿ ರೊಟ್ಟಿ ಹಾಕಿದ ಕೈ ಇದು. ಅವರು ಇದ್ದಿದ್ದರೆ ಕೂಸಿನ ಸಲುವಾಗಿ ತಾವೇ ಹೇಳುತ್ತಿದ್ದರು. ಅಷ್ಟು ಮಾತ್ರ ವಿಚಾರ ಮಾಡು.

ವೈನಿ


ಮಟಕಿ
೬ ಮೇ ೨೦೨೪

ವೈನಿ,

ಓಢಣಿಯ ಮಾತು ಓದಿದ ದಿನ ನಾನು ಕಸ ಹೊಡೆಯುತ್ತಿದ್ದವಳು ಕಸಬರಿಗೆ ಹಿಡಿದುಕೊಂಡೇ ಕೂತುಬಿಟ್ಟೆ. ಮರುದಿನ ಬೆಳಗಿನ ಬಸ್ಸಿಗೆ ಘತ್ತರಗಿಗೆ ಹೋದೆ. ನಿಮಗೆ ಹೇಳಲಿಲ್ಲ. ಅಫಜಲಪುರ ದಾಟುವಾಗ ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದೆ, ಬುರಾನುದ್ದೀನ ನೋಡಿದರೆ ಸುದ್ದಿ ನನಗಿಂತ ಮೊದಲು ನಿಮ್ಮ ಮನೆ ಮುಟ್ಟುತ್ತಿತ್ತು.

ಅಪ್ಪನ ತಂಗಿ ಸುಭದ್ರಾಬಾಯಿ ಅತ್ತೆ ಒಬ್ಬಳೇ ಈಗ ಆ ಕಾಲದವಳು ಉಳಿದಿರುವುದು. ಭಾಗ್ಯವಂತಿ ದೇವಿಯ ಗುಡಿಗೆ ಬಂದ ಮಂದಿಯನ್ನು ನೋಡುತ್ತ ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದಳು. ತೊಂಬತ್ತು ದಾಟಿದರೂ ಕಿವಿ ಚುರುಕು, ನನಗೇ "ಜೋರ್ ಮಾತಾಡಬ್ಯಾಡಬೇ, ನಾ ಏನ್ ಕಿವುಡಿ ಅದೀನೇನ್" ಎಂದಳು. ಜಗಳಕ್ಕೆ ಸಾಕ್ಷಿ ಕಟ್ಟಿಕೊಳ್ಳಲು ಹೋದವಳು ನಾನು. ನಮ್ಮ ವೈನಿ ಹೀಗೆ ಬರೆದಿದ್ದಾರೆ, ಹೇಳು ಅತ್ತೆ, ಅಪ್ಪನದು ಖರೆ ನೇಮ ಹೌದೋ ಅಲ್ಲವೋ ಎಂದೆ.

ಅವಳು ಕುಟ್ಟುವುದು ನಿಲ್ಲಿಸಿ ನಕ್ಕಳು ನೋಡಿ, ಬಾಯಿಯ ಎಲೆ ಸೀರೆಯ ಮೇಲೆ ಬಿತ್ತು.

"ಏ ಹುಚ್ಚಿ, ನೇಮ ಎಲ್ಲಿದಬೇ! ಅಣ್ಣಗ ಸಣ್ಣಂವ ಇದ್ದಾಗಿಂದ ಹೊತ್ತು ಮುಣಗಿದ್ರ ಏನೂ ಕಾಣ್ತಿದ್ದಿಲ್ಲ. ಇರುಳುಗಣ್ಣ ಅಂತ ಊರಾಗ ಗೊತ್ತಾದ್ರ ಹೆಣ್ಣು ಯಾರು ಕೊಡ್ತಾರ? ನಮ್ಮವ್ವ ಭಾಳ ಶಾಣ್ಯಾಕಿ. ಮಗ ನೇಮ ಹಿಡದಾನ ಅಂತ ಓಣಿ ತುಂಬ ಹೇಳಿ ಬಂದಳು. ಮಂದಿ ಕೈ ಮುಗದ್ರು."

"ನಮ್ಮವ್ವಗ ಗೊತ್ತಿತ್ತಾ?" ಎಂದು ಕೇಳಿದೆ.

"ಮದುವ್ಯಾದ ಎಂಟು ದಿನದಾಗ ಗೊತ್ತಾಗ್ಯಾದ. ಆಕಿನೂ ಶಾಣ್ಯಾಕಿನೇ. ಸಾಯೂತನ ಬಾಯಿ ಬಿಡಲಿಲ್ಲ."

ನಾನು ಅಳಲಿಕ್ಕೆ ಹೋದೆ, ನಗು ಬಂತು. ಮಠದ ಪುರಾಣದಲ್ಲಿ ಹೊಗಳಿಸಿಕೊಂಡ ನೇಮ ನಮ್ಮ ಅಜ್ಜಿ ಒಲೆಯ ಮುಂದೆ ಕೂತು ಹೂಡಿದ್ದು! ನಾನು ಎರಡು ಚಲೋ ಕಣ್ಣು ಇಟ್ಟುಕೊಂಡು, ಈ ಮನೆಯವರ ಬಾಯಿಗೆ ಬಿದ್ದು, ಹಗಲೇ ಉಂಡು ಕೂತಿದ್ದೇನೆ. ಆಮೇಲೆ ದಾರಿಯುದ್ದಕ್ಕೂ ಅಪ್ಪನಿಗಾಗಿ ಕಣ್ಣೀರು ಹಾಕಿದೆ. ಎಂಬತ್ತು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನಗುನಗುತ್ತ ಬದುಕಿದರಲ್ಲ!

ಈಗ ನೀವು ಕೇಳಿದ್ದಕ್ಕೆ ಉತ್ತರ. ಅತ್ತೆಗೆ ಬುದ್ಧಿ ಬಂದಾಗಿನಿಂದ ಅಪ್ಪನ ಕಣ್ಣು ಹಾಗೇ ಇತ್ತಂತೆ. ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಹಗಲಿನದು ನನಗೇ ಗೊತ್ತು, ನಿಮಗೂ ಗೊತ್ತು. ಕೊನೆಯ ವರ್ಷವೂ ಅಪ್ಪ ಅಂಗಳದ ಬಿಸಿಲಿನಲ್ಲಿ ಕೂತು, ಕನ್ನಡಕವಿಲ್ಲದೆ ವಚನ ಓದುತ್ತಿದ್ದರು. ಅಂಗೈಯಲ್ಲಿ ತೊಗರಿ ಹರಡಿ ಹುಳ ಕೊರೆದ ಕಾಳನ್ನು ನಮಗಿಂತ ಮೊದಲು ಆರಿಸುತ್ತಿದ್ದರು. ಇದು ಒಳ್ಳೆಯದೇ ಅಲ್ಲವೇ, ವೈನಿ? ಒಳ್ಳೆಯದೆಂದು ಹೇಳಿ. ಡಾಕ್ಟರಬಾಯಿ ಕೇಳಬೇಕೆಂದರೆ ಅತ್ತೆ ಫೋನಿನಲ್ಲಿ ಮುಖ ತೋರಿಸಿ ಹೇಳಲು ತಯಾರಿದ್ದಾಳೆ. ಹೊಸ ಸೀರೆ ಉಟ್ಟುಕೊಳ್ಳುತ್ತಾಳಂತೆ.

ಮನೀಷಾಗೆ ಹೇಳಿ, ಆ ಓಢಣಿ ಬಿಚ್ಚಲಿ.

ನಿಮ್ಮ ಶಿವಿ


ಅಫಜಲಪುರ
೧೧ ಜುಲೈ ೨೦೨೪

ಶಿವಿ,

ಈ ಸುದ್ದಿ ಕೂಗಿ ಹೇಳಿದರೂ ನಡೆಯುತ್ತಿತ್ತು, ಓಣಿ ಕೇಳಿದರೆ ಕೇಳಲಿ. ಆದರೆ ನಿನ್ನ ಕೈಯಲ್ಲಿ ಕಾಗದ ಇರಲಿ, ಬೇಕೆನಿಸಿದಾಗ ತೆಗೆದು ಓದಿಕೋ.

ಹಾಗೇ ಉಳಿಯುವ ಬಗೆ! ಕೆಡುವ ಬಗೆ ಅಲ್ಲ.

ನಿನ್ನೆ ಕಲಬುರಗಿಗೆ ಎಲ್ಲರೂ ಹೋಗಿದ್ದೆವು. ಯಂತ್ರದ ಪರೀಕ್ಷೆ, ಹೈದರಾಬಾದಿನ ವರದಿ, ಸುಭದ್ರಾ ಅತ್ತೆಯ ಮಾತು, ಮೂರೂ ಒಂದೇ ಕಡೆ ತೋರಿಸುತ್ತವೆ ಎಂದು ಡಾಕ್ಟರಬಾಯಿ ಬಿಡಿಸಿ ಹೇಳಿದರು. ಮಬ್ಬಿನಲ್ಲಿ ಕಾಣದಿರುವುದು ಹಾಗೇ ಇರುತ್ತದೆ, ಅದಕ್ಕೆ ಈಗ ಔಷಧವಿಲ್ಲ. ಹಗಲಿನಲ್ಲಿ ಓದಬಹುದು, ಓಡಬಹುದು, ಮಂಗ್ಯಾನಾಟ ಮಾಡಬಹುದು. ವರ್ಷಕ್ಕೊಮ್ಮೆ ತೋರಿಸಬೇಕು, ದೂರದ್ದು ನೋಡಲು ಕನ್ನಡಕ ಬೇಕಾಗಬಹುದು. ಸಂಜೆಗೆ ಒಂದು ಬ್ಯಾಟರಿ ಮತ್ತು ಜೊತೆಗೆ ಒಬ್ಬರು. ಶಾಲೆಯಲ್ಲಿ ಬೆಳಕಿನ ಕಡೆ ಕೂರಿಸಲು ಬರೆದುಕೊಟ್ಟಿದ್ದಾರೆ.

ಅನೀಲಕುಮಾರ "ಹೌದ್ರಿ, ಹೌದ್ರಿ" ಎನ್ನುತ್ತ ಕೇಳಿದವನು ಹೊರಗೆ ಬಂದು ಚಹಾದ ಅಂಗಡಿಯ ಮುಂದೆ ಮುಖ ಮುಚ್ಚಿಕೊಂಡು ಅತ್ತ. ಮನೀಷಾ ಅವನ ಬೆನ್ನು ಸವರುತ್ತ ತಾನು ನಗುತ್ತಿದ್ದಳು. ನಿನ್ನ ಅಣ್ಣ ಮಾತ್ರ "ನಾ ಮೊದಲೇ ಹೇಳಿದ್ದೆ" ಎಂದರು. ಏನು ಹೇಳಿದ್ದರೋ, ಯಾವಾಗ ಹೇಳಿದ್ದರೋ, ಅವರಿಗೇ ಗೊತ್ತಿರಬೇಕು.

ನೀನು ಘತ್ತರಗಿಗೆ ಹೋಗದಿದ್ದರೆ ಇಷ್ಟು ಗಟ್ಟಿಯಾಗಿ ಹೇಳಲು ಅವರಿಗೆ ಆಗುತ್ತಿರಲಿಲ್ಲ. ಸೆರಗು ಎಳೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀಯಾ? ಬುರಾನುದ್ದೀನ ಅದೇ ದಿನ ಬಂದು, "ಮಟಕಿ ಆಪಾ ಘತ್ತರಗಿ ಬಸ್ಸಿನ್ಯಾಗ ಹೊಂಟಿದ್ರು, ಭಾಳ ಸಿಟ್ಟಿನ್ಯಾಗ ಇದ್ದಂಗಿತ್ತು" ಎಂದು ಹೇಳಿದ್ದ. ನಾನು ಸುಮ್ಮನೆ ಕಾಯುತ್ತಿದ್ದೆ.

ಪಂಚಮಿಗೆ ಕೂಸನ್ನು ಕಳಿಸುತ್ತೇವೆ. ಧೂಳಿದ್ದರೂ ಕಳಿಸುತ್ತೇವೆ.

ವೈನಿ


ಮಟಕಿ
೧೨ ಆಗಸ್ಟ್ ೨೦೨೪

ವೈನಿ,

ಕೂಸು ಬಂದಿದೆ, ಮನೆ ತುಂಬಿದೆ. ಅಳ್ಳಿಟ್ಟಿನ ಉಂಡೆ ಒಂದು ಡಬ್ಬಿ ಖಾಲಿಯಾಯಿತು. ಮನೀಷಾ ಬಂದ ದಿನದಿಂದ ನಿದ್ದೆ ಮಾಡುತ್ತಿದ್ದಾಳೆ, ನಾನು ಎಬ್ಬಿಸುವುದಿಲ್ಲ.

ಪಂಚಮಿಯ ದಿನ ನಮ್ಮ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿಸಿದ್ದೆ. ಓಣಿಯ ಹೆಂಗಸರೆಲ್ಲ ಅಂಗಳದಲ್ಲಿದ್ದರು. ಆಟದ ಗದ್ದಲದಲ್ಲಿ ಹೊತ್ತು ಹೋದದ್ದು ನನಗೇ ತಿಳಿಯಲಿಲ್ಲ. ಅಂದರೆ ನೋಡಿ, ನೇಮ ಹೇಗೆ ಬಿಟ್ಟಿತು! ಮೈತ್ರಿ ಜೋಕಾಲಿಯಿಂದ ಇಳಿದವಳು ಅಲ್ಲೇ ನಿಂತುಬಿಟ್ಟಳು. ನಾನು ಏಳುವುದರೊಳಗೆ ಕೂಸು ಎರಡೂ ಕೈ ಮುಂದೆ ಚಾಚಿ ಗಟ್ಟಿಯಾಗಿ ಕೂಗಿತು:

"ಆಯೀ, ನನಗ ಈಗ ಕಾಣಂಗಿಲ್ಲ. ಯಾರರ ಕೈ ಹಿಡೀರಿ!"

ಅಳು ಇಲ್ಲ, ನಾಚಿಕೆ ಇಲ್ಲ. ನೀರು ಕೊಡಿ ಎಂದು ಕೇಳಿದ ಹಾಗೆ ಕೇಳಿತು. ಪಕ್ಕದ ಮನೆಯ ಗುಲನಾಜ "ಬಾ ಬೇಟಾ" ಎಂದು ಕೈ ಹಿಡಿದು ಕರೆತಂದಳು. ನನ್ನ ಹತ್ತಿರ ಕೂತಿದ್ದ ಮುದುಕಿಯೊಬ್ಬಳು ಕಿವಿಯಲ್ಲಿ, ನನ್ನ ಕಿವಿಯಲ್ಲಿ ಎಂದರೆ ಇಡೀ ಅಂಗಳಕ್ಕೆ ಕೇಳುವ ಹಾಗೆ, "ಹಂಗ ಎಲ್ಲಾರ ಮುಂದ ಹೇಳಬಾರದವ್ವ. ನಾಳೆ ದೊಡ್ಡಾಕಿ ಆದಮ್ಯಾಲ ಗಂಡಿನವ್ರು ಬರಂಗಿಲ್ಲ" ಎಂದಳು.

"ಬರೋರು ಹಗಲಿಗೇ ಬರ್ಲಿ ಬಿಡಬೇ" ಎಂದೆ ನಾನು. ಗುಲನಾಜ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಆ ಮುದುಕಿಯೂ ನಕ್ಕಳು.

ಮಲಗುವಾಗ ಕೂಸು ಕೇಳಿತು, "ದೊಡ್ಡ ಮುತ್ಯಾಗೂ ನನ್ನಂಗೇ ಇತ್ತಂತ ಹೌದಾ? ಅವ್ನ ಕೈ ಯಾರು ಹಿಡೀತಿದ್ರು ಆಯಿ?"

ವೈನಿ, ಆಗ ನನಗೆ ನೆನಪಾಯಿತು. ಸಣ್ಣವಳಿದ್ದಾಗ ಅಪ್ಪ ಎಲ್ಲಿಗೆ ಹೋದರೂ ನನ್ನನ್ನು ಕರೆದೊಯ್ಯುತ್ತಿದ್ದರು. ಬರುವಾಗ ಹೊತ್ತು ಮೀರಿದರೆ "ಶಿವೀ, ಕೈ ಕೊಡು" ಎನ್ನುತ್ತಿದ್ದರು. ಅಪ್ಪನಿಗೆ ನನ್ನ ಮೇಲೇ ಪ್ರೀತಿ ಹೆಚ್ಚು ಎಂದು ಅಣ್ಣನ ಮುಂದೆ ಮೆರೆಯುತ್ತಿದ್ದೆ. ಬಿದ್ದಾಳು ಎಂದು ಮಗಳ ಕೈ ಹಿಡಿದಿದ್ದಾರೆ ಎಂದುಕೊಂಡಿದ್ದರು ಊರವರು. ನಾನೂ ಹಾಗೇ ತಿಳಿದಿದ್ದೆ.

"ನಾ ಹಿಡೀತಿದ್ದೆ, ಬಂಗಾರ" ಎಂದೆ.

"ಬೀಳಿಸಿದ್ದಿ?"

"ಇಲ್ಲವ್ವ. ಒಮ್ಮೆನೂ ಬೀಳಿಸಿಲ್ಲ."

ಕೂಸಿಗೆ ಅಷ್ಟು ಸಾಕಾಯಿತು, ಮಲಗಿತು. ನನಗೂ ಸಾಕಾಯಿತು ವೈನಿ. ಪ್ರೀತಿಯೂ ಇತ್ತು, ಕಣ್ಣೂ ಕಾಣುತ್ತಿರಲಿಲ್ಲ, ಎರಡೂ ಖರೆ. ಬರುವ ರವಿವಾರದತನಕ ಕೂಸು ಇಲ್ಲೇ ಇರುತ್ತದೆ. ಅಲ್ಲಿಯವರೆಗೆ ಕಳಿಸು ಎಂದು ಯಾರೂ ಕೇಳಬೇಡಿ, ಕೇಳಿದರೂ ನನಗೆ ಕೇಳಿಸುವುದಿಲ್ಲ.

ನಿಮ್ಮ ಶಿವಿ